ಬಾಣಬಿರುಸು ಶನಿವಾರ, ಹರಕೆ ಭಾನುವಾರ

ಪತ್ರ: ಜುಲೈನಲ್ಲಿ ವೆನಿಸ್‌ಗೆ ಹೊರಟಿದ್ದೇವೆ. ಅಲ್ಲಿನ ರೆಡೆಂತೋರೆ ಹಬ್ಬವೆಂದರೆ ಬರೀ ಬಾಣಬಿರುಸು ಅನ್ನುತ್ತಾರೆ. ಹರಕೆಯ ಮೆರವಣಿಗೆ ಈಗಲೂ ಉಂಟೇ? ಯಾವ ದಿನ ಹೋಗಬೇಕು?
— ಓದುಗರೊಬ್ಬರು, ಶಿವಮೊಗ್ಗ

ಸಂಪಾದಕರ ಉತ್ತರ: ಉಂಟು, ಭಾನುವಾರ ಸಂಜೆ. ಬಾಣಬಿರುಸು ಹಿಂದಿನ ರಾತ್ರಿಯದು. ಅದನ್ನು ನೋಡಿ ಬೆಳಗ್ಗೆಯೇ ರೈಲು ಹತ್ತುವವರಿಗೆ ಹಬ್ಬದ ತಿರುಳೇ ತಪ್ಪಿಹೋಗುತ್ತದೆ.

1575–77ರ ಪ್ಲೇಗಿಗೆ ವೆನಿಸ್‌ನ ಕಾಲುಭಾಗಕ್ಕೂ ಹೆಚ್ಚು ಜನ ಬಲಿಯಾದರು. 1576ರ ಸೆಪ್ಟೆಂಬರಿನಲ್ಲಿ ಸೆನೆಟ್ ಹರಕೆ ಹೊತ್ತಿತು: ಪಿಡುಗು ತೊಲಗಿದರೆ ಉದ್ಧಾರಕ (ರೆಡೆಂತೋರೆ) ಕ್ರಿಸ್ತನಿಗೆ ಚರ್ಚು ಕಟ್ಟಿಸುತ್ತೇವೆ, ಗಣರಾಜ್ಯದ ಮುಖ್ಯಸ್ಥ ದೋಜೆ ವರ್ಷವರ್ಷವೂ ಅಲ್ಲಿಗೆ ಬರುತ್ತಾನೆ. 1577ರ ಮೇನಲ್ಲಿ ವಾಸ್ತುಶಿಲ್ಪಿ ಪಲ್ಲಾಡಿಯೊ ನಕ್ಷೆಯ ಚರ್ಚಿಗೆ ಅಡಿಗಲ್ಲು ಬಿತ್ತು. ಜುಲೈನಲ್ಲಿ ಪ್ಲೇಗು ಹೋಯಿತೆಂದು ಸಾರಿದ್ದೇ ತಡ, ಕಟ್ಟಡಕ್ಕೆ ಕಾಯದೆ ತಾತ್ಕಾಲಿಕ ಪೀಠವಿಟ್ಟು ಮೊದಲ ಮೆರವಣಿಗೆ ನಡೆಸಿದರು. ಚರ್ಚಿನ ಪ್ರತಿಷ್ಠೆಯಾದದ್ದು 1592ರಲ್ಲಿ.

ಚರ್ಚು ಇರುವುದು ಜುದೆಕ್ಕ ದ್ವೀಪದಲ್ಲಿ. ನಡುವೆ ಅಗಲವಾದ ಕಾಲುವೆ, ಕಾಯಂ ಸೇತುವೆಯಿಲ್ಲ. ಆಗ ದೋಣಿಗಳನ್ನು ಸಾಲಾಗಿ ಕಟ್ಟಿ ದಾಟಿದರು. ಈಗ ಝಾತ್ತೆರೆ ದಂಡೆಯಿಂದ ಚರ್ಚಿನ ಬಾಗಿಲಿಗೆ ನೆಟ್ಟಗೆ ಸುಮಾರು 330 ಮೀಟರಿನ ತೇಲುಸೇತುವೆ ಹಾಕಿ, ಹಬ್ಬ ಮುಗಿದೊಡನೆ ಬಿಚ್ಚುತ್ತಾರೆ. ದೋಣಿಗಳು ನುಸುಳಲೆಂದು ನಡುಭಾಗವನ್ನು ಎತ್ತರಿಸಿರುತ್ತಾರೆ. ನಮ್ಮ ದೃಷ್ಟಿಯಲ್ಲಿ ಈ ಸೇತುವೆ ದಾಟುವುದೇ ಹಬ್ಬ. ದಾಟುವಾಗ ಗುಮ್ಮಟದ ಮೇಲೆ ಕಣ್ಣಿಡಿ: ದೂರದಿಂದ ಎದ್ದು ಕಾಣುವ ಅದು ನೀವು ಹತ್ತಿರವಾದಂತೆ ಬಿಳಿಯ ಮುಂಗೋಡೆಯ ಹಿಂದೆ ಇಳಿಯುತ್ತ ಹೋಗುತ್ತದೆ.

ಹಬ್ಬ ಜುಲೈನ ಮೂರನೆಯ ಭಾನುವಾರ. ದಿನ ಲೆಕ್ಕ ಹಾಕುವಾಗ ಆ ಭಾನುವಾರವನ್ನು ಹಿಡಿದು ಹಿಂದಕ್ಕೆ ಎಣಿಸಿ, ಮೂರನೆಯ ಶನಿವಾರದಿಂದ ಮುಂದಕ್ಕಲ್ಲ. 2018ರಲ್ಲಿ ಜುಲೈ 1 ಭಾನುವಾರವಾಗಿತ್ತು. ಹಬ್ಬ 15ಕ್ಕೆ, ಮೂರನೆಯ ಶನಿವಾರ ಮಾತ್ರ 21ಕ್ಕೆ! 2029ರಲ್ಲೂ ಇದೇ ತೊಡಕು. 2026ರಲ್ಲಿ ಹಬ್ಬ 19ಕ್ಕೆ.

ಶನಿವಾರ ರಾತ್ರಿ ಬಾಣಬಿರುಸಿನ ಹೊತ್ತಿಗೆ ಸೇತುವೆ ಮುಚ್ಚುತ್ತಾರೆ. ಆಚೆ ದಡದಲ್ಲಿ ಕೋಣೆ ಹಿಡಿದವರು ಮೊದಲೇ ದಾಟಿಕೊಳ್ಳಬೇಕು. ಭಾನುವಾರ ಸಂಜೆ ವೆನಿಸ್‌ನ ಪೇಟ್ರಿಯಾರ್ಕರು, ಅಂದರೆ ಅಲ್ಲಿನ ಕ್ಯಾಥೊಲಿಕ್ ಧರ್ಮಾಧ್ಯಕ್ಷರು, ಬಲಿಪೂಜೆ (ಮಾಸ್) ಅರ್ಪಿಸಿ ಊರಿಗೆ ಆಶೀರ್ವಾದ ಕೊಡುತ್ತಾರೆ. ಒಳಗೆ ಜಾಗ ಬೇಕಿದ್ದರೆ ಬೇಗ ಹೋಗಿ. ಭುಜ, ಮೊಣಕಾಲು ಮುಚ್ಚುವ ಬಟ್ಟೆ ಇರಲಿ. ಸೇತುವೆಯ ಮೇಲೆ ನೆರಳಿಲ್ಲ; ಟೊಪ್ಪಿ, ನೀರು ಮರೆಯಬೇಡಿ.

ಜುಲೈ ಬಿಸಿಲು ಒಗ್ಗದಿದ್ದರೆ ನವೆಂಬರ್ 21ರ ಸಲೂತೆ ಹಬ್ಬವಿದೆ. ಅದು 1630ರ ಪ್ಲೇಗಿನ ಹರಕೆ. ಆಗಲೂ ಊರಿನ ಮುಖ್ಯ ಕಾಲುವೆ ಗ್ರ್ಯಾಂಡ್ ಕೆನಾಲ್‌ಗೆ ತಾತ್ಕಾಲಿಕ ಸೇತುವೆ ಬೀಳುತ್ತದೆ. ಜನ ಮೇಣದಬತ್ತಿ ಹಿಡಿದು ಬರುತ್ತಾರೆ, ಬಾಣಬಿರುಸಿನ ಗದ್ದಲವಿಲ್ಲ. ಆ ದಿನದ ಊಟ ಕಾಸ್ತ್ರದೀನ, ಉಪ್ಪು ಹಚ್ಚಿ ಹೊಗೆಯಲ್ಲಿ ಒಣಗಿಸಿದ ಕುರಿಮಾಂಸವನ್ನು ಕೋಸಿನ ಜೊತೆ ಬೇಯಿಸಿದ ಸಾರು. ಸಸ್ಯಾಹಾರಿಗಳು ಬೇರೆ ಏರ್ಪಾಡು ಮಾಡಿಕೊಳ್ಳಿ.