ಅಂಡಮಾನ್‌ನ ಹ್ಯಾವ್‌ಲಾಕ್ (ಈಗಿನ ಸ್ವರಾಜ್ ದ್ವೀಪ) ದ್ವೀಪದಲ್ಲಿ ಮೊದಲ ಸ್ಕೂಬಾ ಡೈವ್ (ಗಾಳಿಯ ಸಿಲಿಂಡರ್ ಹೊತ್ತು ನೀರಿನಾಳಕ್ಕೆ ಇಳಿಯುವುದು): ಕಿವಿ ನೋಯದಂತೆ ಇಳಿಯುವುದು ಹೇಗೆ, ಏನೇನು ಕಾಣುತ್ತೆ?

ಮೊದಲು ಕಿವಿ. 10 ಮೀಟರ್ ಆಳದಲ್ಲಿ ಒತ್ತಡ ಮೇಲ್ಮೈಗಿಂತ ಎರಡು ಪಟ್ಟು. ಆದರೆ ಬದಲಾವಣೆ ಜೋರಾಗಿರುವುದು ಮೊದಲ ಕೆಲವು ಮೀಟರ್‌ಗಳಲ್ಲೇ, ಹಾಗಾಗಿ ನೀರಿಗಿಳಿದ ಕೂಡಲೇ ಶುರು ಮಾಡಿ. ಮಾಸ್ಕ್‌ನ ರಬ್ಬರ್ ಮೇಲಿಂದಲೇ ಮೂಗು ಹಿಡಿದು, ಮೂಗಿನಿಂದಲೇ ಮೆಲ್ಲಗೆ ಊದಿ. ಕಿವಿಯೊಳಗೆ 'ಟಪ್' ಅನ್ನಬೇಕು. ಪ್ರತಿ ಅರ್ಧ ಮೀಟರಿಗೊಮ್ಮೆ, ನೋವು ಬರುವ ಮುಂಚೆಯೇ. ನೋವಾದರೆ ಜೋರಾಗಿ ಊದಬೇಡಿ, ಕಿವಿಗೆ ಪೆಟ್ಟಾಗುತ್ತೆ. ಕೈ ಸನ್ನೆ ಮಾಡಿ ಒಂದು ಮೀಟರ್ ಮೇಲೆ ಬಂದು ಮತ್ತೆ ಪ್ರಯತ್ನಿಸಿ. ನೆಗಡಿ ಇದ್ದರೆ ಆ ದಿನ ಡೈವ್ ಬೇಡ. ಉಸಿರು ಮಾತ್ರ ಎಂದೂ ಬಿಗಿಹಿಡಿಯಬಾರದು: ಮೇಲೇರುವಾಗ ಹಿಗ್ಗುವ ಗಾಳಿ ಶ್ವಾಸಕೋಶವನ್ನೇ ಹರಿಯಬಲ್ಲದು.

ಈಜು ಬರದವರನ್ನೂ ತರಬೇತುದಾರರ ಜೊತೆ ಇಳಿಸುತ್ತಾರೆ, ಗರಿಷ್ಠ 12 ಮೀಟರ್.

ಜೀವಿಗಳು ಕಾಣಬೇಕಾದರೆ ಓಡಾಡಬೇಡಿ, ಒಂದೇ ಬಂಡೆಯ ಮುಂದೆ ಎರಡು ನಿಮಿಷ ತೇಲಿ. ಅನಿಮೋನ್ ಎಂಬ ಕಡಲಜೀವಿಯ ತೂಗಾಡುವ ಎಳೆಗಳ ನಡುವೆ ಕ್ಲೌನ್ ಮೀನು ಇಣುಕುತ್ತೆ. ಬಿರುಕಿನಲ್ಲಿ ಬಾಯಿ ತೆರೆದು ಮುಚ್ಚುವ, ಹಾವಿನಂಥ ಮೀನು ಮೋರೆ ಈಲ್ ಬೆದರಿಸುತ್ತಿಲ್ಲ, ಉಸಿರಾಡುತ್ತಿದೆ. ಲಯನ್ ಫಿಶ್‌ನ ಮುಳ್ಳುಗಳಲ್ಲಿ ವಿಷವಿದೆ, ಕೈ ದೂರವಿರಲಿ. ಹವಳವನ್ನು ಕಾಲಿಂದಲೂ ಮುಟ್ಟಬೇಡಿ. ಅಂದಹಾಗೆ, ಆಳದಲ್ಲಿ ಕೆಂಪು ಬಣ್ಣ ಮಾಸುತ್ತೆ. ಫೋಟೋ ನೀಲಿಯಾದರೆ ಕ್ಯಾಮೆರಾ ಕೆಟ್ಟಿಲ್ಲ.

ಡೈವ್ ಮುಗಿದ ಮೇಲೆ ವಿಮಾನ ಹತ್ತಲು 18 ಗಂಟೆ ಬಿಡಿ. ಪ್ರವಾಸದ ಕೊನೆಯ ದಿನಕ್ಕೆ ಇದನ್ನು ಇಟ್ಟುಕೊಳ್ಳುವವರು ಎಡವುವುದೇ ಇಲ್ಲಿ.