ಬೋಲ್ಟಿನ ಥ್ರೆಡ್ ಕೊರೆದದ್ದಾ, ಉರುಳಿಸಿದ್ದಾ?

ಕಾರವಾರದಲ್ಲಿ ದೋಣಿ ರಿಪೇರಿಗೆ ತಂದ ಬೋಲ್ಟಿನ ಥ್ರೆಡ್ ಭಾಗ ದಪ್ಪ, ಮೇಲಿನ ಕಡ್ಡಿ ಸಪೂರ. ಇದು ಡುಪ್ಲಿಕೇಟಾ ಎಂದು ಕೇಳಿದ್ದೀರಿ. ಅಷ್ಟಕ್ಕೇ ಹಾಗೆ ಹೇಳುವಂತಿಲ್ಲ.

ಲೇತಿನಲ್ಲಿ ಕೊರೆದರೆ ಕಬ್ಬಿಣ ಚೂರಾಗಿ ಉದುರುತ್ತದೆ. ಕಾರ್ಖಾನೆಯಲ್ಲಿ ಸಾಮಾನ್ಯವಾಗಿ ತಂತಿಯ ತುಂಡನ್ನು ಕಾಯಿಸದೆಯೇ ಗುದ್ದಿ ತಲೆ ಮಾಡುತ್ತಾರೆ. ಆಮೇಲೆ ಗೀರುಗಳಿರುವ ಎರಡು ಗಟ್ಟಿ ಡೈಗಳ (ಉಕ್ಕಿನ ಅಚ್ಚುಗಳ) ನಡುವೆ ಉರುಳಿಸುತ್ತಾರೆ. ಒಂದು ನಿಂತಿರುತ್ತದೆ, ಇನ್ನೊಂದು ಸರಿಯುತ್ತದೆ. ಅಂಗೈಗಳ ನಡುವೆ ಬತ್ತಿ ಹೊಸೆದ ಹಾಗೆ, ಅಲ್ವಾ? ಡೈ ಒತ್ತಿದಲ್ಲಿ ಹಳ್ಳ ಬೀಳುತ್ತದೆ, ಅಲ್ಲಿನ ಲೋಹ ಪಕ್ಕಕ್ಕೆ ಉಬ್ಬುತ್ತದೆ. ಅದಕ್ಕೇ ಥ್ರೆಡ್ ಕಡ್ಡಿಗಿಂತ ದಪ್ಪ. ಲೋಹದ ಎಳೆ ತುಂಡಾಗದೆ ಬಾಗುವುದರಿಂದ ಎಂಜಿನ್ನಿನ ಅದುರಾಟವನ್ನು ಕೊರೆದದ್ದಕ್ಕಿಂತ ಜಾಸ್ತಿ ತಾಳುತ್ತದೆ.

ತುಕ್ಕಿನ ಮಾತು ಬೇರೆ. ಉಪ್ಪುನೀರು ತಾಗುವ ಕಡೆಗೆ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಕೇಳಿ.