ಕಾಗದಪತ್ರ ಸರಿಯಿತ್ತು, ಲಾರಿ ಮಾತ್ರ ಅವರದಲ್ಲ

ಪ್ರಶ್ನೆ: ನಮ್ಮದು ಸಣ್ಣ ಕಾರ್ಖಾನೆ. ಸರಕು ರವಾನೆ ನನ್ನ ಜವಾಬ್ದಾರಿ. ಕಳೆದ ವಾರ ಆನ್‌ಲೈನ್‌ನಲ್ಲಿ ಸಿಕ್ಕ ಹೊಸ ಸಾಗಣೆ ಸಂಸ್ಥೆಗೆ ಒಂದು ಲೋಡ್ ಕೊಟ್ಟೆವು. ನೋಂದಣಿ, ವಿಮೆ ಎರಡರ ಪತ್ರವನ್ನೂ ತರಿಸಿ ನೋಡಿದ್ದೆ. ಸರಕು ತಲುಪಲೇ ಇಲ್ಲ. ಸಂಸ್ಥೆಯ ಕಚೇರಿಗೆ ಹೋಗಿ ಕೇಳಿದರೆ, ‘ನಾವು ಲಾರಿಯನ್ನೇ ಕಳಿಸಿಲ್ಲ’ ಎನ್ನುತ್ತಾರೆ. ನಾನು ಎಡವಿದ್ದು ಎಲ್ಲಿ?

ಉತ್ತರ: ಅವರ ಮಾತು ನಿಜವಿರಬಹುದು. ಒಳ್ಳೆಯ ಹೆಸರಿರುವ ಸಂಸ್ಥೆಯ ದಾಖಲೆಗಳನ್ನು ಕದ್ದು, ಅದೇ ಹೆಸರಿನಲ್ಲಿ ಲೋಡ್ ಹಿಡಿಯುವುದು ಈ ವಂಚಕರ ಸಾಮಾನ್ಯ ದಾರಿ. ನೀವು ನೋಡಿದ ಪತ್ರಗಳು ಅಸಲಿಯೇ ಆಗಿದ್ದಿರಬಹುದು, ಕಳಿಸಿದವರು ಬೇರೆ. ಪತ್ರ ಸರಿಯಿದೆಯೇ ಎಂದು ನೋಡಿದಿರಿ, ಅದು ಕಳಿಸಿದವರದೇ ಎಂದು ನೋಡಲಿಲ್ಲ.

ಇನ್ನು ಮುಂದೆ ಲೋಡ್ ಕೇಳಿ ಬಂದವರು ಕೊಟ್ಟ ಫೋನ್ ನಂಬರನ್ನು ಪರಿಶೀಲನೆಗೆ ಬಳಸಲೇಬೇಡಿ. ಸರ್ಕಾರಿ ನೋಂದಣಿ ದಾಖಲೆಯಲ್ಲಿರುವ ನಂಬರನ್ನು ನೀವೇ ಹುಡುಕಿ ಕರೆ ಮಾಡಿ, ‘ಈ ಲೋಡ್ ಒಪ್ಪಿಕೊಂಡವರು ನಿಮ್ಮವರೇ?’ ಎಂದು ಕೇಳಿ. ನಿಮ್ಮ ವಿಷಯದಲ್ಲಿ ಈ ಒಂದು ಕರೆ ಸಾಕಿತ್ತು ಎಂದೇ ನನ್ನ ಅನಿಸಿಕೆ. ಆದರೆ ದಾಖಲೆಯಲ್ಲಿನ ಫೋನ್ ಅಥವಾ ಇಮೇಲ್ ಇತ್ತೀಚೆಗಷ್ಟೇ ಬದಲಾಗಿದ್ದರೆ ಅಲ್ಲಿಗೇ ನಿಲ್ಲಿಸಿ. ಮುಚ್ಚುವ ಹಂತದಲ್ಲಿರುವ ಸಂಸ್ಥೆಯನ್ನು ಅದರ ಹಳೆಯ ನೋಂದಣಿಗಾಗಿಯೇ ಕೊಂಡು ವಂಚನೆಗೆ ಬಳಸುವವರಿದ್ದಾರೆ. ಇಮೇಲ್ ವಿಳಾಸವನ್ನು ಅಕ್ಷರ ಅಕ್ಷರವಾಗಿ ಓದಿ. ಒಂದು ಅಕ್ಷರ ಹೆಚ್ಚಾಗಿರುವುದು ಅವಸರದಲ್ಲಿ ಕಣ್ಣಿಗೆ ಬೀಳುವುದಿಲ್ಲ.

ವಿಮೆಗೂ ಇದೇ ಕ್ರಮ. ವಿಮಾ ಕಂಪನಿಗೆ ನೇರವಾಗಿ ಕರೆ ಮಾಡಿ, ಪಾಲಿಸಿ ಚಾಲ್ತಿಯಲ್ಲಿದೆಯೇ, ನಿಮ್ಮ ಬಗೆಯ ಸರಕಿಗೆ ಅನ್ವಯಿಸುತ್ತದೆಯೇ ಎಂದು ಕೇಳಿ. ಅಪಘಾತಕ್ಕೆ ಇರುವ ವಿಮೆ ಬೇರೆ, ಸರಕಿಗೆ ಇರುವ ವಿಮೆ ಬೇರೆ. ಉದಾಹರಣೆಗೆ, ಅಮೆರಿಕದಲ್ಲಿ ಸಾಮಾನ್ಯ ಸರಕು ಸಾಗಿಸುವವರಿಗೆ ಸರಕು ವಿಮೆ ಇರಲೇಬೇಕೆಂಬ ಕೇಂದ್ರ ನಿಯಮವನ್ನು 2011ರಲ್ಲೇ ಕೈಬಿಡಲಾಗಿದೆ. ‘ನೋಂದಣಿ ಇದೆಯೆಂದರೆ ಸರಕಿಗೆ ವಿಮೆ ಇದ್ದೇ ಇರುತ್ತದೆ’ ಎಂಬ ನಂಬಿಕೆಯಿಂದ ಕೈ ಸುಟ್ಟುಕೊಳ್ಳಬೇಡಿ.

ಬಾಡಿಗೆಯ ಬಗ್ಗೆ ಚೌಕಾಸಿಯನ್ನೇ ಮಾಡದೆ ಒಪ್ಪುವವರು, ಸರಕು ಏನು, ಎಷ್ಟು ತೂಕ ಎಂದು ವಿಚಾರಿಸದವರು, ಲೋಡ್ ಆಗುವ ಮೊದಲೇ ಡೀಸೆಲ್‌ಗೆಂದು ಮುಂಗಡ ಕೇಳುವವರು ನನಗಂತೂ ಅನುಮಾನ ಹುಟ್ಟಿಸುತ್ತಾರೆ. ನಿಜವಾಗಿ ಲಾರಿ ಓಡಿಸುವವನು ತೂಕ ಕೇಳದೆ ಇರಲಾರ.

ಕೊನೆಯ ತಡೆ ನಿಮ್ಮ ಗೇಟು. ಲಾರಿಯ ನಂಬರು, ಚಾಲಕನ ಹೆಸರು, ಪರವಾನಗಿ ವಿವರಗಳನ್ನು ಮೊದಲೇ ಬರವಣಿಗೆಯಲ್ಲಿ ತರಿಸಿಕೊಳ್ಳಿ. ಬಂದ ಲಾರಿ ಅದಕ್ಕೆ ಹೊಂದದಿದ್ದರೆ, ‘ಆ ಗಾಡಿ ಕೆಟ್ಟಿತು, ಅದಕ್ಕೇ ಇದು’ ಎಂಬ ಮಾತಿಗೆ ಮಣಿದು ಲೋಡ್ ಮಾಡಬೇಡಿ. ಮತ್ತೆ ದಾಖಲೆಯ ನಂಬರಿಗೇ ಕರೆ ಮಾಡಿ. ಲಾರಿಯ ಬಾಗಿಲಿಗೆ ಹಾಕಿದ ಸೀಲಿನ ಸಂಖ್ಯೆಯ ಜೊತೆ ಲಾರಿಯ ಫೋಟೋ ಇಟ್ಟುಕೊಳ್ಳಿ. ನಡುದಾರಿಯಲ್ಲಿ ಯಾರೇ ಇಳಿಸುವ ವಿಳಾಸ ಬದಲಿಸಲು ಹೇಳಿದರೂ, ಸರಕು ಪಡೆಯುವವರನ್ನು ನೀವೇ ಕೇಳದೆ ಒಪ್ಪಬೇಡಿ.

ಈಗ ತುರ್ತಾಗಿ ಮಾಡಬೇಕಾದದ್ದು: ಪೊಲೀಸರಿಗೆ ದೂರು, ನಿಮ್ಮ ವಿಮಾ ಕಂಪನಿಗೆ ಲಿಖಿತ ಮಾಹಿತಿ. ಮೋಸಕ್ಕೆ ಸಿಲುಕಿ ಸ್ವಂತ ಕೈಯಾರೆ ಒಪ್ಪಿಸಿದ ಸರಕಿಗೆ ಪರಿಹಾರವಿಲ್ಲ ಎಂಬ ಷರತ್ತು ಹಲವು ಪಾಲಿಸಿಗಳಲ್ಲಿರುತ್ತದೆ, ನಿಮ್ಮದನ್ನು ಓದಿ ನೋಡಿ. ಗೇಟಿನ ಸಿಸಿಟಿವಿ ದೃಶ್ಯವನ್ನು ಇಂದೇ ಪ್ರತಿ ಮಾಡಿಸಿಕೊಳ್ಳಿ. ಎಷ್ಟೋ ಕಡೆ ಕೆಲವೇ ದಿನಗಳಲ್ಲಿ ಹಳೆಯದರ ಮೇಲೆ ಹೊಸ ದೃಶ್ಯ ದಾಖಲಾಗಿಬಿಡುತ್ತದೆ.